ಹದಕ್ಕೆ ಬೇಯಿಸಿದ ಹಲಗೆ

ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಹಲಗೆಯ ತುಂಡು ಇದೆ. ಊಟದ ತಟ್ಟೆಯಷ್ಟು ಅಗಲ, ಒಂದು ಇಂಚಿಗಿಂತ ತುಸು ಕಡಿಮೆ ದಪ್ಪ, ಬೆಲ್ಲದ ಬಣ್ಣ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆಯನ್ನು ಅದರ ಮೇಲೇ ಇಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಹಲಗೆ ಎತ್ತಿ ಅಡಿಯ ಕಲ್ಲನ್ನು ಮುಟ್ಟಿದರೆ ಅದು ತಣ್ಣಗೇ ಇರುತ್ತದೆ. ಮನೆಗೆ ಬಂದವರು ಇದು ಸಾಗುವಾನಿಯೇ ಎಂದು ಕೇಳುತ್ತಾರೆ. ರಬ್ಬರ್ ಮರ ಎಂದರೆ ನಂಬುವುದಿಲ್ಲ.

ಕಳೆದ ತಿಂಗಳು ನಮ್ಮ ಹಳೆಯ ಫ್ಯಾಕ್ಟರಿಯ ಟೆಸ್ಟಿಂಗ್ ರೂಮಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮಂಗಳೂರಿನ ಅತ್ತಾವರದ ನನ್ನ ಮನೆಗೆ ಬಂದಿದ್ದರು. "ಬುಕ್ಕಲ್ಲಿ ಉಂಟಲ್ಲ ಮೇಡಂ, ಅದೆಲ್ಲ ಓದಿ ಆಗಿದೆ. ಅದರಲ್ಲಿ ಇಲ್ಲದ್ದು ಎಂತಾದ್ರೂ ಹೇಳಿ" ಎಂದರು. ನನಗೆ ಖುಷಿಯಾಯಿತು. ಚಹಾ ಕೊಟ್ಟು ಎರಡು ಗಂಟೆ ಕೊರೆದೆ. ಅವರು ಹೋದ ಮೇಲೆ, ಹೇಳಬೇಕಾದ್ದರಲ್ಲಿ ಅರ್ಧವನ್ನೂ ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಕುರ್ಚಿ ಸಿಕ್ಕಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಎಲ್ಲ ಕುರ್ಚಿಯಲ್ಲೂ ಬೆನ್ನುನೋವು ಒಂದೇ ಆಗಿತ್ತು.

ನಮ್ಮದು ಗದ್ದೆ ಇದ್ದ ಮನೆತನ. ಅಣ್ಣಂದಿರು ಹೋಟೆಲ್ ಕೆಲಸಕ್ಕೆ ಇಳಿದರು. ನಾನು ಡಿಪ್ಲೊಮಾ ಮುಗಿಸಿ ಪಣಂಬೂರಿನ ಆಚೆ ಇದ್ದ ಹಲಗೆ ಫ್ಯಾಕ್ಟರಿಗೆ ಸೇರುತ್ತೇನೆ ಎಂದಾಗ ಅಮ್ಮ, "ಮರದ ಮಿಲ್ಲಲ್ಲಿ ನಿನಗೆ ಎಂತ ಕೆಲಸ ಮಾರಾಯ್ತಿ?" ಎಂದು ಕೇಳಿದರು. ಅದಕ್ಕೆ ಸರಿಯಾದ ಉತ್ತರ ನನಗೂ ಗೊತ್ತಿರಲಿಲ್ಲ. ಹೋಗಿ ನೋಡಿದ ಮೇಲೆ ಗೊತ್ತಾಯಿತು.

ಫ್ಯಾಕ್ಟರಿಯ ಹಿಂಭಾಗದಲ್ಲಿ ಒಂದು ಲಾರಿ ನಿಲ್ಲುವಷ್ಟು ದೊಡ್ಡ ಉಕ್ಕಿನ ಕೋಣೆ ಇತ್ತು. ಅದನ್ನು ಎಲ್ಲರೂ ಚೇಂಬರ್ ಎನ್ನುತ್ತಿದ್ದರು. ಹಲಗೆಗಳ ನಡುವೆ ಪಟ್ಟಿ ಕೊಟ್ಟು, ಸಾಲಾಗಿ ಪೇರಿಸಿ ಒಳಗಿಟ್ಟು ಬಾಗಿಲು ಬಿಗಿಯುತ್ತಿದ್ದರು. ಮೊದಲು ನಿಧಾನವಾಗಿ ಒಣಗಿಸುವುದು. ಆಮೇಲೆ ಹಬೆ ಬಿಟ್ಟು, ಇನ್ನೂರು ಡಿಗ್ರಿಯ ಆಸುಪಾಸಿಗೆ ಏರಿಸಿ, ಕೆಲವು ಗಂಟೆ ಹಾಗೇ ಬಿಡುವುದು. ಅಷ್ಟು ಬಿಸಿಯಲ್ಲಿ ಗಾಳಿ ತಾಗಿದರೆ ಮರಕ್ಕೆ ಬೆಂಕಿ ಹತ್ತುತ್ತದೆ. ಗಾಳಿಯನ್ನು ಹೊರಗಿಡುವುದಕ್ಕೇ ಆ ಹಬೆ. ಕೊನೆಗೆ ಹಬೆಯಲ್ಲೇ ತಣಿಸುವುದು. ಈ ಕೋಣೆಯ ಯಜಮಾನರು ಐತಪ್ಪ ಮೇಸ್ತ್ರಿ.

ನನ್ನದು ಟೆಸ್ಟಿಂಗ್ ರೂಮು. ಅಲ್ಲಿ ಎರಡು ತಟ್ಟೆಗಳ ಒಂದು ಯಂತ್ರವಿತ್ತು. ಒಂದು ತಟ್ಟೆ ಬಿಸಿ, ಇನ್ನೊಂದು ತಂಪು. ನಡುವೆ ಹಲಗೆಯ ತುಂಡು ಇಟ್ಟರೆ ಈ ಕಡೆಯ ಬಿಸಿ ಆ ಕಡೆಗೆ ಎಷ್ಟು ದಾಟುತ್ತದೆ ಎಂದು ಅಳೆದು ಅಂಕೆ ತೋರಿಸುತ್ತಿತ್ತು. ಅಂಕೆ ಕಡಿಮೆಯಾದಷ್ಟು ಹಲಗೆ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ ಎಂದರ್ಥ. ಮಾಡಿನ, ಅಂದರೆ ಸೂರಿನ, ಅಡಿಗೆ ಮತ್ತು ಗೋಡೆಗೆ ಹಾಕುವ ಹಲಗೆಗೆ ಇದೇ ಮುಖ್ಯ.

ಸೇರಿದ ಮೊದಲ ವಾರದಲ್ಲೇ ಮಾನ ಕಳೆದುಕೊಂಡೆ. ಚೇಂಬರಿನಿಂದ ಆಗಷ್ಟೇ ಬಂದ ತುಂಡನ್ನು ತಂದು ಯಂತ್ರಕ್ಕೆ ಕೊಟ್ಟೆ. ಅಂಕೆ ಹುಚ್ಚಾಪಟ್ಟೆ ಓಡಿತು. ಯಂತ್ರ ಹಾಳಾಯಿತೆಂದು ಓಡಾಡಿ ಊರು ಒಂದು ಮಾಡಿದೆ. ಐತಪ್ಪ ಮೇಸ್ತ್ರಿ ಬಂದು ತುಂಡನ್ನು ಕೆನ್ನೆಗೆ ಒತ್ತಿ ನೋಡಿ ನಕ್ಕರು.

"ಅಕ್ಕ, ಇದಿನ್ನೂ ಬಿಸಿ ಉಂಟು. ಕಾವಲಿಯಿಂದ ಇಳಿಸಿದ ದೋಸೆಗೆ ಜ್ವರ ನೋಡಿದ ಹಾಗಾಯ್ತು ನಿಮ್ಮದು."

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ಕೊನೆಯವರೆಗೂ ಅಕ್ಕ ಎಂದೇ ಕರೆದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ದೋಸೆಯ ಮಾತಿಗೆ ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಮರವನ್ನು ಬೇಯಿಸಿದರೆ ಏನಾಗುತ್ತದೆ ಎಂದು ಹುಡುಗಿಯರು ಕೇಳಿದ್ದರು. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮರದೊಳಗೆ ನೀರನ್ನು ಕಂಡರೆ ಹಿಡಿದುಕೊಳ್ಳುವ ಅಂಶಗಳಿರುತ್ತವೆ. ಹೆಚ್ಚಿನ ಬಿಸಿಗೆ ಅವುಗಳಲ್ಲಿ ಒಂದಷ್ಟು ಒಡೆದು ಹೋಗುತ್ತವೆ. ಹಲಗೆ ಹಗುರವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಹಗುರವಾದ ಮರದಲ್ಲಿ ಬಿಸಿ ದಾಟುವುದು ಕಷ್ಟ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ನಮ್ಮ ಕಡಲ ಬದಿಯ ಗಾಳಿಯಲ್ಲಿ ಬೇಯಿಸದ ಹಲಗೆ ಸುಮ್ಮನೆ ನಿಂತಲ್ಲೇ ನೀರು ಕುಡಿಯುತ್ತದೆ. ನೀರು ಕುಡಿದ ಹಲಗೆ ಬಿಸಿಯನ್ನು ಸಲೀಸಾಗಿ ದಾಟಿಸುತ್ತದೆ, ಉಬ್ಬಿ ಸೊಟ್ಟಗಾಗಿ ಸಂದು ಬಿಡುತ್ತದೆ. ಬೇಯಿಸಿದ ಹಲಗೆ ಅಷ್ಟು ಕುಡಿಯುವುದಿಲ್ಲ. ಮಳೆಗಾಲ ಬರಲಿ, ಬೇಸಗೆ ಬರಲಿ, ಹೆಚ್ಚುಕಡಿಮೆ ಅದೇ ಗುಣದಲ್ಲಿ ಉಳಿಯುತ್ತದೆ. ಆದರೆ ಬೇಯಿಸಿದಷ್ಟೂ ಅದರ ಕಸುವು ಇಳಿಯುತ್ತದೆ. ಈ ಕೊನೆಯ ವಾಕ್ಯ ಪುಸ್ತಕದಲ್ಲೂ ಇದೆ. ನಾನೂ ಓದಿದ್ದೆ.

ಮೊದಲಿನ ಕಾಲದಲ್ಲಿ ಚೇಂಬರಿನ ಬಾಗಿಲಿಗೆ ಒಂದು ದುಂಡು ಮೀಟರು, ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದ ಹೊತ್ತು, ಅಷ್ಟೇ. ಮೇಸ್ತ್ರಿ ಹಬೆ ಹೊರಬರುವ ಕೊಳವೆಯ ಬಾಯಿಯಲ್ಲಿ ನಿಂತು ವಾಸನೆ ನೋಡುತ್ತಿದ್ದರು. ಹಸಿ ಮರದ ಹುಳಿ ವಾಸನೆ ಹೋಗಿ ಹುರಿದ ಗೋಧಿಯ ವಾಸನೆ ಬಂದರೆ "ಸಾಕು" ಎನ್ನುತ್ತಿದ್ದರು. ಹೊರಗೆ ಬಂದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಹಲಗೆಯ ಹೊಟ್ಟೆಯೊಳಗೇ ತಂತಿ ಚುಚ್ಚಿ ಬಿಸಿ ಅಳೆಯುವುದು ಶುರುವಾಯಿತು. ಮೇಸ್ತ್ರಿ ಕಂಪ್ಯೂಟರನ್ನು ದೂರಲಿಲ್ಲ. ಅದರ ಎದುರು ಕುರ್ಚಿ ಹಾಕಿಕೊಂಡು ಕೂತರು, ಮೂಗನ್ನು ಮಾತ್ರ ಕೊಳವೆಯ ಕಡೆಗೇ ಇಟ್ಟುಕೊಂಡರು.

ನಮ್ಮ ಮ್ಯಾನೇಜರ್ ರಮಾನಂದ ಸಾರ್ ಒಳ್ಳೆಯವರು, ಆದರೆ ಭಾರೀ ಅವಸರದವರು. ಒಮ್ಮೆ ಹೊರಗಿನಿಂದ ಯಾರೋ ದೊಡ್ಡ ಜನ ಫ್ಯಾಕ್ಟರಿ ನೋಡಲು ಬಂದರು. ಒಳಗಿನ ಹಲಗೆ ಇನ್ನೂ ತಣಿದಿರಲಿಲ್ಲ. "ಒಂದು ಸಲ ಬಾಗಿಲು ತೆರೀರಿ ಮೇಸ್ತ್ರಿ, ಅವರು ನೋಡಲಿ" ಎಂದರು ಸಾರ್. ಮೇಸ್ತ್ರಿ ಬೇಡ ಎಂದರು. ಸಾರ್ ತಾವೇ ಬಾಗಿಲ ತಿರುಪಿಗೆ ಕೈ ಹಾಕಿದರು. ಬಾಗಿಲು ಒಂದು ಗೇಣು ಸರಿದದ್ದೇ ತಡ, ಒಳಗಿನ ಹಲಗೆಗಳ ಅಂಚು ಕೆಂಪಾಗಿ ಹೊಗೆಯಾಡಿತು. ಮೇಸ್ತ್ರಿ ಭುಜ ಕೊಟ್ಟು ಬಾಗಿಲು ಮುಚ್ಚಿ ಹಬೆ ಬಿಟ್ಟರು. ಬಂದವರು ಹೊಗೆ ಕುಡಿದು ಕೆಮ್ಮುತ್ತಾ ಕಾರು ಹತ್ತಿದರು. ಸಾಯಂಕಾಲ ಸಾರ್ ತಾವಾಗಿಯೇ ಬಂದು "ತಪ್ಪಾಯ್ತು ಮೇಸ್ತ್ರಿ" ಎಂದದ್ದನ್ನೂ ಹೇಳಬೇಕು. ಹಾಗೆ ಹೇಳುವ ಮ್ಯಾನೇಜರನ್ನು ನಾನು ಬೇರೆ ಕಂಡಿಲ್ಲ.

ಈಗ ನನ್ನ ತಪ್ಪಿನ ಸರದಿ.

ಕಂಪ್ಯೂಟರ್ ಬಂದು ಕೆಲವು ವರ್ಷಗಳಾದ ಮೇಲೆ ಗಿರಾಕಿಗಳಿಗೆ ಗಾಢ ಬಣ್ಣದ ಹುಚ್ಚು ಹಿಡಿಯಿತು. ಬೀಟೆ ಮರದ ಹಾಗೆ ಕಾಣಬೇಕು, ಆದರೆ ಬೀಟೆಯ ಬೆಲೆ ಬೇಡ. ಹೆಚ್ಚು ಬೇಯಿಸಿದರೆ ರಬ್ಬರ್ ಮರ ಆ ಬಣ್ಣಕ್ಕೆ ಬರುತ್ತಿತ್ತು. ನನ್ನ ಯಂತ್ರದಲ್ಲಿಯೂ ಕಪ್ಪು ಹಲಗೆಯ ಅಂಕೆ ಎಲ್ಲಕ್ಕಿಂತ ಕಡಿಮೆ ಬಂತು. ಬಣ್ಣವೂ ಸರಿ, ಅಂಕೆಯೂ ಸರಿ. "ಹೆಚ್ಚು ಬೇಯಿಸಿದಷ್ಟೂ ಉತ್ತಮ" ಎಂದು ರಿಪೋರ್ಟ್ ಬರೆದು ಸಹಿ ಹಾಕಿದೆ. ಸಾರ್ ಅದನ್ನು ಜಾಹೀರಾತಿನ ಹಾಳೆಗೇ ಏರಿಸಿದರು. ಮೇಸ್ತ್ರಿ ಒಂದು ಕಪ್ಪು ಹಲಗೆಯನ್ನು ನನ್ನ ಮೇಜಿನ ಮೇಲಿಟ್ಟು ತಟ್ಟಿ ತೋರಿಸಿದರು.

"ಅಕ್ಕ, ಸದ್ದು ಕೇಳಿ. ಇದು ಬೆಂದದ್ದಲ್ಲ, ಸೀದದ್ದು."

"ನಿಮ್ಮ ಕಿವಿಯ ಲೆಕ್ಕ ನಾನು ಎಲ್ಲಿ ಬರೆಯುವುದು ಮೇಸ್ತ್ರಿ?" ಎಂದೆ. ಅವರು ಹಲಗೆ ಎತ್ತಿಕೊಂಡು ಹೋದರು. ಆ ಮಾತನ್ನು ಹೇಳಬಾರದಿತ್ತು ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಆ ಕಪ್ಪು ಹಲಗೆಗಳಲ್ಲಿ ಒಂದು ಲೋಡು ಕೂಳೂರಿನ ಸುಮತಿಯ ಹೊಲಿಗೆ ಕೆಲಸದ ಜಾಗಕ್ಕೆ ಹೋಯಿತು. ಸುಮತಿ ಮೀನುಗಾರರ ಮನೆಯ ಹೆಂಗಸು. ತಂದೆ, ಅಣ್ಣ ಎಲ್ಲರೂ ಬೋಟಿನವರು. ಅವಳು ಮಾತ್ರ ಮನೆಯ ಟೆರೇಸಿನ ಮೇಲೆ ಶೀಟಿನ ಮಾಡು ಹಾಕಿ, ಹತ್ತು ಮಿಷನ್ ಇಟ್ಟು, ನೆರೆಕರೆಯ ಹತ್ತು ಹೆಂಗಸರನ್ನು ಕೂಡಿಸಿಕೊಂಡು ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಸುತ್ತಿದ್ದಳು. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ, ಹೊಲಿಯಬೇಕಾದ್ದು ಏಪ್ರಿಲ್, ಮೇ ತಿಂಗಳಲ್ಲಿ. ಆ ಎರಡು ತಿಂಗಳು ಶೀಟಿನ ಅಡಿಯಲ್ಲಿ ಮಧ್ಯಾಹ್ನ ಮನುಷ್ಯರು ಕೂರುವ ಹಾಗಿಲ್ಲ. ಶೀಟಿನ ಅಡಿಗೆ ನಮ್ಮ ಹಲಗೆ ಹಾಕಿಸಿದರೆ ಹೆಂಗಸರು ದಿನವಿಡೀ ಕೂರಬಹುದು ಎಂದು ಅವಳು ನಂಬಿದ್ದಳು. ಆ ನಂಬಿಕೆಗೆ ಆಧಾರ ನನ್ನ ರಿಪೋರ್ಟು.

ಏಪ್ರಿಲ್ ಮೊದಲ ವಾರ ಸುಮತಿ ಬಟ್ಟೆಯ ಚೀಲ ಹಿಡಿದು ಟೆಸ್ಟಿಂಗ್ ರೂಮಿಗೆ ಬಂದಳು. ಚೀಲವನ್ನು ನನ್ನ ಮೇಜಿನ ಮೇಲೆ ಕೊಡವಿದಳು. ಕಪ್ಪು ಹಲಗೆಯ ಚೂರುಗಳು.

"ಅಕ್ಕ, ಇದು ಮರವಾ, ಹಪ್ಪಳವಾ?"

ಮೊಳೆ ಹೊಡೆದಲ್ಲೆಲ್ಲ ಹಲಗೆ ಸೀಳಿತ್ತಂತೆ. ಒಂದು ತುಂಡು ಕಳಚಿ ಒಬ್ಬಳು ಹೊಲಿಯುತ್ತಿದ್ದ ಮಿಷನ್ನಿನ ಮೇಲೆ ಬಿದ್ದಿತ್ತು, ತಲೆಯ ಮೇಲೆ ಬೀಳದ್ದು ಪುಣ್ಯ. ಸೀಳಿದ ಸಂದಿನಿಂದ ಬಿಸಿ ಮೊದಲಿನ ಹಾಗೇ ಇಳಿಯುತ್ತಿತ್ತು.

"ಇಬ್ಬರು ಆಗಲೇ ಬಿಟ್ಟು ಗೇರುಬೀಜದ ಕಾರ್ಖಾನೆಗೆ ಹೋಗ್ತೇವೆ ಹೇಳಿದ್ದಾರೆ. ಉಳಿದವರೂ ಹೋದ್ರೆ ನನಗೆ ಬಾಗಿಲು ಹಾಕುವುದೇ. ಈ ಸಲ ಯೂನಿಫಾರ್ಮ್ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಶಾಲೆಯವರು ನನ್ನನ್ನು ಕರೀತಾರಾ? ನೀವು ಸಹಿ ಹಾಕಿದ್ದಲ್ವಾ ಅಕ್ಕ, ನೀವೇ ಹೇಳಿ."

ಬಡಗಿ ಸರಿಯಾಗಿ ಹೊಡೆದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಚೂರು ಕೈಗೆ ಸಿಕ್ಕಿತು. ಎರಡು ಬೆರಳಿನಲ್ಲಿ ಒತ್ತಿದೆ, ಪಟ್ಟನೆ ಮುರಿಯಿತು. ಸೀದದ್ದು ಎಂದು ಮೇಸ್ತ್ರಿ ಹೇಳಿದ್ದು ನೆನಪಾಗಿ ಮುಖ ಬಿಸಿಯಾಯಿತು.

ಮರುದಿನ ಅವಳ ಜಾಗಕ್ಕೆ ಹೋದೆ. ಬಸ್ಸು ಕೂಳೂರು ಸೇತುವೆ ದಾಟುವಾಗ ಬೀಸಿದ ಹೊಳೆಯ ಗಾಳಿಯೇ ಆ ದಿನದ ಕೊನೆಯ ತಂಪು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಥರ್ಮಾಮೀಟರ್ ಹಿಡಿದು ಅವರ ಜೊತೆ ಕೂತೆ. ಹನ್ನೊಂದೂವರೆಗೆ ಮಾತು ನಿಂತಿತು. ಹನ್ನೆರಡೂವರೆಗೆ ಬಟ್ಟೆಯ ಮೇಲೆ ಬೆವರು ಬೀಳದಂತೆ ಒಬ್ಬೊಬ್ಬರೂ ಹಣೆಗೆ ಟವೆಲ್ ಕಟ್ಟಿಕೊಂಡರು. ಊಟಕ್ಕೆಂದು ಇಳಿದವರು ನಾಲ್ಕು ಗಂಟೆಯವರೆಗೆ ಮೇಲೆ ಬರುವುದಿಲ್ಲ ಎಂದಳು ಸುಮತಿ. ಮೂರು ಗಂಟೆಗೆ ನಾನೂ ಸುಮತಿಯೂ ಹತ್ತು ಖಾಲಿ ಮಿಷನ್‌ಗಳ ನಡುವೆ ಕೂತಿದ್ದೆವು. ನನಗೆ ತಲೆ ಸುತ್ತುತ್ತಿತ್ತು. ಇಷ್ಟು ವರ್ಷ ಬಿಸಿ ಅಳೆಯುವ ಕೆಲಸ ಮಾಡಿದ್ದೇನೆ, ಆ ಬಿಸಿಯಲ್ಲಿ ಒಂದು ದಿನವೂ ಕೂತಿರಲಿಲ್ಲ.

ಅಲ್ಲಿ ಕೂತಾಗಲೇ ನನ್ನ ಇನ್ನೊಂದು ದಡ್ಡತನವೂ ಹೊಳೆಯಿತು. ನನ್ನ ಟೆಸ್ಟಿಂಗ್ ರೂಮಿಗೆ ಎಸಿ ಇತ್ತು. ಅಳೆಯುವ ಮೊದಲು ತುಂಡುಗಳನ್ನು ಒಂದು ವಾರ ಅಲ್ಲೇ ಇಡುವುದು ಪದ್ಧತಿ. ಆ ಒಣ ಗಾಳಿಯಲ್ಲಿ ಎಲ್ಲ ಹಲಗೆಯೂ ಜಾಣನೇ. ಇಲ್ಲಿ ಹೊಳೆಯ ಗಾಳಿ, ಇಸ್ತ್ರಿ ಪೆಟ್ಟಿಗೆಯ ಹಬೆ, ಹತ್ತು ಜನರ ಬೆವರು. ಇದನ್ನು ನಾನು ಯಾವ ಕಾಲಂನಲ್ಲೂ ಬರೆದಿರಲಿಲ್ಲ.

ಫ್ಯಾಕ್ಟರಿಗೆ ಹಿಂತಿರುಗಿ ನೇರ ಚೇಂಬರಿನ ಹತ್ತಿರ ಹೋದೆ. "ಮೇಸ್ತ್ರಿ, ನಿಮ್ಮ ಕಿವಿಯ ಲೆಕ್ಕ ಬರೆಯಲು ಜಾಗ ಮಾಡಿ ಬಂದಿದ್ದೇನೆ" ಎಂದೆ. ಅವರು ನನ್ನ ಮುಖ ನೋಡಿದರು. "ಮೊದಲು ನೀರು ಕುಡೀರಿ ಅಕ್ಕ. ಮಂಡೆಬಿಸಿ ಮಾಡ್ಬೇಡಿ, ಆಗ್ತದೆ" ಎಂದರು. ಕ್ಷಮೆ ಕೇಳಲು ಬಿಡಲೇ ಇಲ್ಲ.

ಮೂರು ಬಗೆಯ ತುಂಡು ತೆಗೆದುಕೊಂಡೆವು. ಬರೀ ಒಣಗಿಸಿದ್ದು ಒಂದು, ಕಪ್ಪಾಗುವಷ್ಟು ಬೇಯಿಸಿದ್ದು ಒಂದು, ಮೇಸ್ತ್ರಿ ಮೂಗಿನ ಹದಕ್ಕೆ ಇಳಿಸಿದ ಬೆಲ್ಲದ ಬಣ್ಣದ್ದು ಒಂದು. ಮೂರನ್ನೂ ಎಸಿಯಲ್ಲಿ ಇಡದೆ ಸೈಕಲ್ ಸ್ಟ್ಯಾಂಡಿನ ಮಾಡಿನ ಅಡಿಗೆ ವಾರವಿಡೀ ತೂಗುಹಾಕಿದೆವು. ಫ್ಯಾಕ್ಟರಿಯವರೆಲ್ಲ "ಅಕ್ಕ ಮೀನು ಒಣಗಿಸ್ತಿದ್ದಾರೆ" ಎಂದು ಆಡಿಕೊಂಡರು. ವಾರದ ಮೇಲೆ ಅಳೆದಾಗ ಬರೀ ಒಣಗಿಸಿದ್ದು ನೀರು ಕುಡಿದು ಭಾರವಾಗಿತ್ತು, ಅದರ ಅಂಕೆ ಜಿಗಿದಿತ್ತು. ಬೆಲ್ಲದ ಬಣ್ಣದ್ದಕ್ಕೂ ಕಪ್ಪಿಗೂ ಕೂದಲೆಳೆಯ ವ್ಯತ್ಯಾಸ. ಆಮೇಲೆ ನಾನು ಯಾವತ್ತೂ ಮಾಡದ ಕೆಲಸ ಮಾಡಿದೆ. ಸುತ್ತಿಗೆ ಹಿಡಿದು ಮೂರಕ್ಕೂ ಮೊಳೆ ಹೊಡೆದೆ. ಕಪ್ಪು ಹಲಗೆ ಮೊದಲ ಪೆಟ್ಟಿಗೇ ಸೀಳಿತು. ಬೆಲ್ಲದ ಬಣ್ಣದ್ದು ಅಂಚಿನಲ್ಲಿ ಸ್ವಲ್ಪ ಬಿರಿಯಿತು. ಮೊದಲೇ ತೂತು ಕೊರೆದು ಸ್ಕ್ರೂ ಹಾಕಿದಾಗ ಅದು ಗಟ್ಟಿಯಾಗಿ ನಿಂತಿತು. ಆ ಕೂದಲೆಳೆಗಾಗಿ ನಾನು ಹಲಗೆಯ ಪ್ರಾಣವನ್ನೇ ತೆಗೆಸಿದ್ದೆ.

ರಮಾನಂದ ಸಾರ್ ಮುಖ ಚಿಕ್ಕದು ಮಾಡಿದರು. "ಹಾಳೆಯಲ್ಲಿ ಕಪ್ಪು ಬಣ್ಣ ಅಂತ ಉಂಟಲ್ಲ ವಾರಿಜಾ. ಈಗ ತಿಳಿ ಬಣ್ಣ ಕೊಟ್ರೆ ಗಿರಾಕಿ ಎಂತ ಹೇಳ್ತಾರೆ?"

"ಗಿರಾಕಿ ಹೊರಗೇ ಕೂತಿದ್ದಾಳೆ ಸಾರ್, ಕೇಳಿ" ಎಂದೆ.

ಸುಮತಿಯನ್ನು ನಾನೇ ಬರಹೇಳಿದ್ದೆ. ಅವಳು ಒಳಗೆ ಬಂದು, ಕೂರಿ ಎಂದರೂ ಕೂರದೆ ಹೇಳಿದಳು: "ಸಾರ್, ನಮ್ಮ ಹೆಂಗಸರು ಹೊಲಿಯುವಾಗ ಸೂಜಿ ನೋಡ್ತಾರೆ. ಮೇಲೆ ನೋಡಿದ್ರೆ ಬೆರಳು ಹೋಗ್ತದೆ. ಬಣ್ಣ ಯಾರಿಗೆ ಬೇಕು? ನನಗೆ ಮಧ್ಯಾಹ್ನ ಜನ ಕೂರಬೇಕು, ಅಷ್ಟೇ."

ಸಾರ್ ಜಾಹೀರಾತಿನ ಹಾಳೆಯನ್ನು ಮಡಚಿ ಬದಿಗಿಟ್ಟರು. "ಹಳೇ ರಿಪೋರ್ಟು ತಪ್ಪು ಅಂತ ನೀನೇ ಬರೀಬೇಕಾಗ್ತದೆ" ಎಂದರು. ಬರೆದೆ. ಕೆಳಗೆ ಸಹಿಯನ್ನೂ ಹಾಕಿದೆ. ಹಳೆಯ ಹಲಗೆಯನ್ನೆಲ್ಲ ವಾಪಸ್ ತೆಗೆದುಕೊಂಡು ಬೇರೆ ಕೊಡುವುದೆಂದು ಸಾರ್ ಅಲ್ಲೇ ತೀರ್ಮಾನ ಮಾಡಿದರು.

ಹೊಸ ಹಲಗೆ ಬೇಯಿಸುವ ದಿನ ಮೇಸ್ತ್ರಿ ಕೊಳವೆಯ ಬಾಯಿ ಬಿಟ್ಟು ಕದಲಲಿಲ್ಲ. ಹುರಿದ ಗೋಧಿಯ ವಾಸನೆ ಬಂದ ಹೊತ್ತನ್ನು ಅವರು ಹೇಳಿದರು, ಆಗ ಹಲಗೆಯೊಳಗೆ ಎಷ್ಟು ಡಿಗ್ರಿ ಇತ್ತು ಎಂಬುದನ್ನು ನಾನು ಕಂಪ್ಯೂಟರಿನಿಂದ ಬರೆದುಕೊಂಡೆ. ಇವತ್ತು ಆ ಟೆಸ್ಟಿಂಗ್ ರೂಮಿನ ಗೋಡೆಯ ಚಾರ್ಟಿನಲ್ಲಿರುವ ಡಿಗ್ರಿ ಅದೇ. ಹುಡುಗಿಯರೇ, ಅದು ಪುಸ್ತಕದಿಂದ ಬಂದದ್ದಲ್ಲ, ಐತಪ್ಪ ಮೇಸ್ತ್ರಿಯ ಮೂಗಿನಿಂದ ಬಂದದ್ದು.

ಹಲಗೆ ಒಂದೇ ಸಾಲದು ಎಂಬುದೂ ಸುಮತಿಯ ಜಾಗದಲ್ಲಿ ಕೂತಾಗ ಗೊತ್ತಾಗಿತ್ತು. ಮೊದಲ ಸಲ ಬಡಗಿ ಹಲಗೆಯನ್ನು ಶೀಟಿಗೆ ಅಂಟಿಸಿದ ಹಾಗೆ ಹೊಡೆದಿದ್ದ. ಈ ಸಲ ಶೀಟಿಗೂ ಹಲಗೆಗೂ ನಡುವೆ ಒಂದು ಗೇಣು ಜಾಗ ಬಿಡಿಸಿದೆವು. ಅಲ್ಲಿ ಕಾದ ಗಾಳಿ ಹೊರಗೆ ಹೋಗಲು ಎರಡೂ ತುದಿಯಲ್ಲಿ ಕಿಂಡಿ ಇಟ್ಟೆವು. ಒಂದು ಹಲಗೆಯ ಅಂಚು ಇನ್ನೊಂದರೊಳಗೆ ಕೂರುವಂತೆ ಕೊರೆಸಿ, ಸಂದು ಉಳಿಯದ ಹಾಗೆ ಸ್ಕ್ರೂ ಹಾಕಿಸಿದೆವು. ಏಪ್ರಿಲ್ ಮುಗಿಯುವ ಮೊದಲೇ ಕೆಲಸ ಆಯಿತು. ಗೇರುಬೀಜದ ಕಾರ್ಖಾನೆಗೆ ಹೊರಟಿದ್ದ ಇಬ್ಬರ ಹತ್ತಿರ ಸುಮತಿ ಹದಿನೈದು ದಿನ ತಡೆಯಿರಿ ಎಂದು ಕೇಳಿಕೊಂಡಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ ನಾನು, ಮೇಸ್ತ್ರಿ ಇಬ್ಬರೂ ಕೂಳೂರಿಗೆ ಹೋದೆವು. ಅವರನ್ನು ಒತ್ತಾಯ ಮಾಡಿಯೇ ಕರೆದುಕೊಂಡು ಹೋಗಿದ್ದೆ. ಅಷ್ಟು ವರ್ಷ ಸಾವಿರಾರು ಹಲಗೆ ಬೇಯಿಸಿದ ಮನುಷ್ಯ, ಗೇಟು ದಾಟಿದ ಮೇಲೆ ತನ್ನ ಹಲಗೆ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಬಸ್ಸಿನಿಂದ ಇಳಿದಾಗ ಎರಡು ಗಂಟೆ. ಟಾರು ರಸ್ತೆಯ ಕಾವು ಚಪ್ಪಲಿಯನ್ನು ದಾಟಿ ಕಾಲಿಗೆ ಬರುತ್ತಿತ್ತು. ಊಟ ಮುಗಿಸಿ ಯಾರಾದರೂ ಮೇಲೆ ಹತ್ತಿರುತ್ತಾರೋ ಇಲ್ಲವೋ?

ಸುಮತಿಯ ಮನೆಯ ಅಂಗಳದಲ್ಲೇ ಕೇಳಿಸಿತು. ಮಿಷನ್ ಓಡುವ ಸದ್ದು. ಒಂದಲ್ಲ, ಎರಡಲ್ಲ. ನಾನು ಮೆಟ್ಟಿಲಿನ ಬುಡದಲ್ಲಿ ನಿಂತುಬಿಟ್ಟೆ.

"ಎಂತಾಯ್ತು ಅಕ್ಕ?" ಎಂದರು ಮೇಸ್ತ್ರಿ.

"ಸದ್ದು ಕೇಳಿ ಮೇಸ್ತ್ರಿ" ಎಂದೆ. ಈ ಸಲ ಹೇಳುವ ಸರದಿ ನನ್ನದಾಗಿತ್ತು.

ಮೇಲೆ ಹತ್ತೂ ಜನ ಇದ್ದರು. ಸೆಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಂಗಳೂರಿನ ಮೇ ತಿಂಗಳು, ಸೆಕೆ ಇದ್ದೇ ಇರುತ್ತದೆ. ಆದರೆ ತಲೆಯ ಮೇಲಿನಿಂದ ಇಳಿಯುತ್ತಿದ್ದ ಆ ಉರಿ ಇರಲಿಲ್ಲ. ಯಾರ ಹಣೆಯ ಮೇಲೂ ಟವೆಲ್ ಇರಲಿಲ್ಲ, ಫ್ಯಾನಿನ ಗಾಳಿ ಗಾಳಿಯ ಹಾಗೇ ಇತ್ತು. ಯಾರದೋ ಮದುವೆಯ ಸುದ್ದಿ ಜೋರಾಗಿ ನಡೆಯುತ್ತಿತ್ತು. ಸುಮತಿ ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. "ಆ ಇಬ್ಬರು ಹೋಗ್ಲಿಲ್ಲ ಅಕ್ಕ. ನೋಡಿ, ಅಲ್ಲಿ ಕೂತಿದ್ದಾರೆ" ಎಂದಳು. ಅವಳ ಕಣ್ಣು ತುಂಬಿತ್ತು, ನನ್ನದೂ ತುಂಬಿತು.

ಮೇಸ್ತ್ರಿ ಒಂದು ಸ್ಟೂಲ್ ಹತ್ತಿ, ಹಲಗೆಗೆ ಅಂಗೈ ಒತ್ತಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ತಲೆಯಾಡಿಸಿ ಇಳಿದರು. ಸುಮತಿ ಕೊಟ್ಟ ಮಜ್ಜಿಗೆ ಕುಡಿದು ಗೋಡೆ ಬದಿಯ ಕುರ್ಚಿಯಲ್ಲಿ ಕೂತರು. ನಾನು ಥರ್ಮಾಮೀಟರ್ ತೂಗುಹಾಕಿ, ಕಾಗದ ತೆಗೆದು, ಹೊತ್ತು ಬರೆದು ತಲೆ ಎತ್ತುತ್ತೇನೆ, ಅವರ ಗಲ್ಲ ಎದೆಗೆ ತಾಗಿತ್ತು. ಸಣ್ಣಗೆ ಗೊರಕೆ ಕೇಳುತ್ತಿತ್ತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಎಬ್ಬಿಸಬೇಡಿ ಎಂದು ನಾನು ಕೈಸನ್ನೆ ಮಾಡಿದೆ.

ಆ ದಿನದ ರಿಪೋರ್ಟಿನಲ್ಲಿ ಅಂಕೆಗಳನ್ನೆಲ್ಲ ತುಂಬಿದ ಮೇಲೆ ಷರಾ ಎಂಬ ಕಾಲಂ ಖಾಲಿ ಉಳಿದಿತ್ತು. ಅದರಲ್ಲಿ ಬರೆದೆ: "ಮಧ್ಯಾಹ್ನ ಎರಡೂವರೆ. ಶೀಟಿನ ಮಾಡು. ಹತ್ತು ಮಿಷನ್ ಓಡುತ್ತಿವೆ. ಮೇಸ್ತ್ರಿ ನಿದ್ದೆ ಮಾಡಿದ್ದಾರೆ." ರಮಾನಂದ ಸಾರ್ ಅದನ್ನು ಎರಡು ಸಲ ಓದಿ, ಒಂದು ಅಕ್ಷರವನ್ನೂ ಹೊಡೆದುಹಾಕದೆ ಸಹಿ ಹಾಕಿದರು.